ಗಿಟಾರ್ ತಂತಿಯಲ್ಲಿ ಯಾರ ಮನೆಯ ಕರೆಂಟು?

ಹೋದ ಭಾನುವಾರ ಬೆಳಿಗ್ಗೆ, ನಾನು ಕೈಯಾರೆ ಜೋಡಿಸಿದ ಎಲೆಕ್ಟ್ರಿಕ್ ಗಿಟಾರ್ ನನಗೆ ಶಾಕ್ ಹೊಡೆಯಿತು. ಮೊದಲ ಸ್ವರ ಹೊರಡುವ ಮುನ್ನವೇ ಎಡಗೈ ಮೊಣಕೈತನಕ ಜೋಮು ಹಿಡಿಯಿತು.

ಆನ್‌ಲೈನಿನಲ್ಲಿ ತರಿಸಿದ ಅಗ್ಗದ ಕಿಟ್ ಅದು. ಬಣ್ಣ ಕಾಣದ ಮರದ ಒಡಲು, ಕತ್ತು, ಆರು ತಂತಿ, ಒಂದು ಹಿಡಿ ವೈರು, ಅರ್ಧ ಪುಟದ ಸೂಚನೆ. ಹರಿಹರದ ನನ್ನ ಬಾಡಿಗೆ ಮನೆಯಲ್ಲಿ ಮೂರು ವಾರ ಸ್ಯಾಂಡ್‌ಪೇಪರ್ ಉಜ್ಜಿದೆ, ಬೆಸುಗೆ ಹಾಕಿದೆ, ಬೆರಳು ಸುಟ್ಟುಕೊಂಡೆ. (ಎಂ.ಎ.ಯಲ್ಲಿ ಇದನ್ನು ಕಲಿಸುವುದಿಲ್ಲ.) ಸೂಚನೆಯಲ್ಲಿ ದಪ್ಪಕ್ಷರದಲ್ಲಿದ್ದದ್ದು ಒಂದೇ ಸಾಲು: ತಂತಿಗಳನ್ನು ಹಿಡಿದಿಡುವ ಲೋಹದ ಪಟ್ಟಿಗೆ ಅರ್ಥಿಂಗ್ ವೈರನ್ನು ಮರೆಯದೆ ಜೋಡಿಸಿ. ನಾನು ಮರೆತಿರಲಿಲ್ಲ.

ಆದರೂ ತೀರ್ಪು ಸಿದ್ಧವಾಗಿತ್ತು. "ಅಗ್ಗದ್ದು ತಗಂಡ್ರೆ ಹಿಂಗೇ ಆಗದಮ್ಮ," ಎಂದರು ಕಟ್ಟಡದ ಮಾಲೀಕರು. "ಗಿರಿಜಮ್ಮನ ಮನ್ಯಾಗೆ ಆಗಿದ್ದು ನೋಡಿಲ್ಲೇನು?"

ನೋಡಿದ್ದೆ. ಗಿರಿಜಕ್ಕ ಕೆಳಮನೆಯವರು. ಕಳೆದ ಮಳೆಗಾಲದಲ್ಲಿ ವಾಷಿಂಗ್ ಮೆಷಿನ್ ಮುಟ್ಟಿದವರು ಮತ್ತೆ ಏಳಲಿಲ್ಲ. ಮೆಷಿನ್ ಸೆಕೆಂಡ್‌ಹ್ಯಾಂಡ್. ತಂದವರು ಅವರ ಗಂಡ ಮಲ್ಲೇಶಣ್ಣ, ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು. ಮರುವಾರವೇ ಅವರು ಅದನ್ನು ಗುಜರಿಗೆ ಹಾಕಿದರು. "ನಾನೇ ಕೊಂದೆ" ಎಂಬ ಮಾತನ್ನು ಒಂದೇ ಸಲ ಆಡಿದರು. ಯಾರೂ ಅಲ್ಲಗಳೆಯಲಿಲ್ಲ. ನಾನೂ.

ಗಿಟಾರನ್ನೂ ಆಂಪ್ಲಿಫೈಯರನ್ನೂ ದಾವಣಗೆರೆಯ ರಫೀಕ್ ಸಾಹೇಬರ ಅಂಗಡಿಗೆ ಒಯ್ದೆ. ಮದುವೆ ಮನೆಗಳ ಮೈಕ್‌ಸೆಟ್ ರಿಪೇರಿ ಮಾಡುತ್ತಲೇ ಮುಪ್ಪಾದವರು. ಅಲ್ಲಿ ಎರಡೂ ಸಲೀಸಾಗಿ ನುಡಿದವು. ಶಾಕ್ ಇಲ್ಲವೇ ಇಲ್ಲ.

"ವೈರಿಂಗ್ ಚೊಕ್ಕ ಐತಮ್ಮ," ಎಂದರು. "ಬಣ್ಣ ಮಾತ್ರ ಗ್ವಾಡಿಗೆ ಸುಣ್ಣ ಬಳಿದಂಗೆ ಬಳಿದೀರಿ. ಕೆಟ್ಟಿರೋದು ನಿಮ್ಮ ಮನೆ. ನಡೀರಿ, ನೋಡನ."

ಬಂದರು. ಹೋಲ್ಡರಿಗೆ ವೈರು ಕಟ್ಟಿದ ಬಲ್ಬೊಂದನ್ನು ನನ್ನ ಸಾಕೆಟ್ಟಿಗೆ ಹಿಡಿದರು. ಕೆಳಗಿನ ಎರಡು ತೂತಿಗೆ ಉರಿಯಿತು. ಒಂದು ವೈರನ್ನು ಮೇಲಿನ ಅರ್ಥಿಂಗ್ ತೂತಿಗೆ ಬದಲಿಸಿದರೆ ಕತ್ತಲು; ಅರ್ಥಿಂಗ್ ಸರಿಯಿದ್ದರೆ ಅಲ್ಲೂ ಉರಿಯಬೇಕಿತ್ತು. ಆಮೇಲೆ ಮೇಲ್ಮನೆಯವರಿಗೆ ಗೀಸರ್ ಹಾಕಲು ಹೇಳಿ, ಆಂಪ್ಲಿಫೈಯರಿಗೆ ಸಿಕ್ಕಿಸಿದ ನನ್ನ ಗಿಟಾರಿನ ತಂತಿಗೆ ಟೆಸ್ಟರ್ ತಾಗಿಸಿದರು. ಕೆಂಪಗೆ ಹೊತ್ತಿತು.

ಅಂದರೆ? ಕಟ್ಟಡದ ಮೂರೂ ಮನೆಗಳ ಅರ್ಥಿಂಗ್ ವೈರುಗಳು ಒಂದಕ್ಕೊಂದು ಕೂಡಿವೆ; ಕೂಡಿದ್ದು ನೆಲಕ್ಕೆ ಇಳಿದಿಲ್ಲ. ಒಂದು ಮನೆಯ ಗೀಸರ್ ಸೋರಿದರೆ ಆ ಕರೆಂಟು ಇನ್ನೊಂದು ಮನೆಯ ಫ್ರಿಜ್ಜಿನ ಮೈಗೆ, ಮೆಷಿನ್ನಿನ ಮೈಗೆ, ನನ್ನ ತಂತಿಗೆ ಬರುತ್ತದೆ.

ಹಿತ್ತಲಿನ ಅರ್ಥಿಂಗ್ ಗುಂಡಿಯ ಮುಚ್ಚಳ ಎತ್ತಿದೆವು. ಪೈಪು ಇತ್ತು. ಉಪ್ಪು, ಇದ್ದಿಲು ಇತ್ತು. ವೈರು ಇರಲಿಲ್ಲ.

"ತೋರ್ಸಕ್ಕೆ ನಿಲ್ಸ್ಯಾರೆ," ಎಂದರು ಸಾಹೇಬರು.

ಮಲ್ಲೇಶಣ್ಣ ನಮ್ಮ ಹಿಂದೆಯೇ ನಿಂತಿದ್ದರು. "ಹಂಗಾದ್ರೆ ನನ್ನ ಮೆಷಿನ್ನು?"

"ಅದ್ರಾಗೆ ದೋಷ ಇತ್ತೋ, ಬ್ಯಾರೆ ಮನೆ ಕರೆಂಟು ಬಂತೋ, ಈಗ ಹೇಳಾಕಾಗಲ್ಲಣ್ಣ. ಗುಜರಿಗೆ ಹೋತಲ್ಲ. ಅರ್ಥಿಂಗ್ ನೆಟ್ಟಗಿದ್ದಿದ್ರೆ ಯಾವುದಾದ್ರೂ ಸರಿ, ಫ್ಯೂಸ್ ಹೋಗ್ತಿತ್ತು. ಅಷ್ಟೇ."

ಮಲ್ಲೇಶಣ್ಣ ಗುಂಡಿಯೊಳಗೇ ನೋಡುತ್ತಿದ್ದರು. "ವಾರ ವಾರ ಇದಕ್ಕೆ ನೀರು ಹೊಯ್ತಿದ್ಲು," ಎಂದರು.

ಹೌದು. ಗುಂಡಿ ತೇವವಾಗಿರಬೇಕು, ವಾರಕ್ಕೊಂದು ಕೊಡ ನೀರು ಹೊಯ್ಯಿರಿ ಎಂದು ಮಾಲೀಕರು ಬಾಡಿಗೆದಾರರಿಗೆಲ್ಲ ಹೇಳಿದ್ದರು. ಪಾಲಿಸಿದವರು ಗಿರಿಜಕ್ಕ ಒಬ್ಬರೇ. ಪ್ರತಿ ಶುಕ್ರವಾರ ಹೊಸ್ತಿಲು ತೊಳೆದ ಮೇಲೆ ಒಂದು ಕೊಡ. ನಲ್ಲಿ ನೀರು ಬಾರದ ಬೇಸಿಗೆಯಲ್ಲೂ ಈ ಗುಂಡಿಗೆಂದೇ ಎತ್ತಿಡುತ್ತಿದ್ದರು. (ನಾನು ನಗುತ್ತಿದ್ದೆ, "ಇದೇನಕ್ಕ, ತುಳಸಿ ಕಟ್ಟೆಯಾ?" ಎಂದು.)

ಮಾಲೀಕರನ್ನು ಕೇಳಿದೆ. "ಎಲ್ಲಾ ಇನ್ಸ್‌ಪೆಕ್ಷನ್ ಆಗೈತಮ್ಮ, ಕಾಗದ ಐತೆ." ಕಾಗದ ತೋರಿಸಿದರು. ಅರ್ಥಿಂಗ್ ಎಂಬ ಸಾಲಿನ ಮುಂದೆ 'ಸರಿಯಿದೆ' ಎಂದು ಬರೆದಿತ್ತು. ಕೆಳಗೆ ಮೊಹರು, ಓದಲಾಗದ ಸಹಿ. ಸಹಿ ಯಾರದೆಂದು ಸಂಬಂಧಪಟ್ಟ ಕಚೇರಿಗೆ ಹೋಗಿ ಕೇಳಿದರೆ, "ಫೈಲ್ ಹುಡುಕಬೇಕ್ರಿ, ಮುಂದಿನ ವಾರ ಬರ್ರಿ."

ಅಗ್ಗದ ಕಿಟ್ ಮಾಡಿದ ಯಾರೋ ಅಪರಿಚಿತ, ಕಾಣದ ಊರಿನ ನನ್ನ ಜೀವಕ್ಕಾಗಿ ಒಂದು ಸಾಲನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದ. ಗುಂಡಿಯ ಮುಚ್ಚಳ ಎತ್ತಿ ಬಗ್ಗಿ ನೋಡಬೇಕಾದ ಸಂಬಳದ ಮನುಷ್ಯನಿಗೆ ಅಷ್ಟೂ ಭಾರವಾಯಿತೇ? ನಾವಾದರೂ ಏನು ಮಾಡಿದೆವು? ಬಡವನ ಸೆಕೆಂಡ್‌ಹ್ಯಾಂಡ್ ಮೆಷಿನ್ನಿನ ಮೇಲೆ ಕೊಲೆಯನ್ನು ಹೊರಿಸಿ ಮನೆಗೆ ಹೋದೆವು.

ಮೇಲ್ಮನೆಯ ಗೀಸರನ್ನು ಸದ್ಯಕ್ಕೆ ಕಿತ್ತಿದ್ದೇವೆ. ಗುಂಡಿಗೆ ಇನ್ನೂ ವೈರು ಬಂದಿಲ್ಲ. ಗಿಟಾರ್ ಮೂಲೆಯಲ್ಲಿದೆ. ಮಲ್ಲೇಶಣ್ಣ ಆ ಕಾಗದದ ಜೆರಾಕ್ಸನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಭಟ್ಟಿಗೆ ಹೋಗುತ್ತಾರೆ. ಮುಂದಿನ ವಾರ ಕಚೇರಿಗೆ ನನ್ನೊಡನೆ ಅವರೂ ಬರುತ್ತಾರೆ. ಕೇಳಬೇಕಾದದ್ದು ಒಂದೇ.

ಗಿರಿಜಕ್ಕ ವಾರ ವಾರ ಆ ಗುಂಡಿಗೆ ನೀರು ಹೊಯ್ದದ್ದು ಯಾರ ಸಹಿಯನ್ನು ನಂಬಿ?