ಮರಳಿನಲ್ಲಿ ಹೂತ ಗೆಣಸು

ಕುಸುಮಾ, ನಿನಗೆ ನಾನು ಸುಳ್ಳು ಹೇಳಿದ್ದೆ. ಎರಡನೇ ಕ್ಲಾಸಿನ ಮಗುವಿಗೆ, ಅದೂ ಅದರ ತಾಯಿಯ ಎದುರಿಗೇ, ಬಾಯಿ ತುಂಬ ಸುಳ್ಳು. ಹೋದ ವಾರ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ನೀನು ಓಡಿ ಬಂದು ನನ್ನ ಕಾಲಿಗೆ ಬಿದ್ದೆಯಲ್ಲ, ಆಗಲೇ ಹೇಳಬೇಕಿತ್ತು. ಹೇಳಲಿಲ್ಲ — ತಲೆ ಮುಟ್ಟಿ ಆಶೀರ್ವಾದ ಮಾಡಿದೆ. ಆ ಕೈ ನೋಡಿಕೊಂಡರೆ ನನಗೇ ಹೇಸಿಗೆಯಾಗುತ್ತದೆ.

ನೀನೀಗ ಹನೂರಿನಲ್ಲಿ ಟೀಚರು. ನಿನ್ನ ಕ್ಲಾಸಿನ ಮಕ್ಕಳನ್ನೂ ಯಳಂದೂರಿನ ಹತ್ತಿರದ ಆ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗುತ್ತೇನೆ ಅಂದೆ. ನಗುತ್ತಲೇ ಹೇಳಿದೆ: "ಮಿಸ್, ಅಲ್ಲಿ ಗುಡ್ಲಲ್ಲಿದ್ದ ಎಂಗ್ಸ್‌ನ ನೋಡಿ ಅವ್ವ ಅಂತ ಕೂಗ್ಬುಟ್ಟಿದ್ನಲ್ಲ, ಗ್ಯಾಪ್ಕ ಅದಾ? ಈಗ್ಲೂ ಮನೇಲಿ ಅದ್ನ ಏಳ್ಕಂಡು ನಗ್ತೀನಿ. ಅವ್ವ ಮಾತ್ರ ನಗಲ್ಲ, ಎದ್ದು ಒಳಕ್ಕೋಯ್ತದೆ."

ಎದ್ದು ಒಳಕ್ಕೆ ಹೋಗುತ್ತಾಳೆ — ಆ ಮಾತು ಕೇಳಿದ ಮೇಲೇ ಈ ಕಾಗದ ಬರೆಯಲು ಕೂತೆ.

ಆ ಜಾಗ ನಿನಗೆ ಗೊತ್ತು. ಹಿಂದಿನವರು ಬದುಕಿದ್ದ ರೀತಿಯನ್ನು ಪುಟ್ಟ ಮಕ್ಕಳಿಗೆ ಕಣ್ಣಾರೆ ತೋರಿಸುತ್ತಾರೆ, ಗೊಂಬೆಗಳ ಬದಲು ಜೀವಂತ ಮನುಷ್ಯರನ್ನು ಇಟ್ಟು. ಒಬ್ಬರು ರಾಗಿ ಬೀಸುತ್ತಾರೆ, ಒಬ್ಬರು ಮಡಕೆ ಮಾಡುತ್ತಾರೆ, ಕೊನೆಯಲ್ಲಿ ಕಾಡಿನವರ ಗುಡಿಸಲು. ನಿನಗೆ ಗೊತ್ತಿಲ್ಲದ್ದು ಏನೆಂದರೆ — ಆ ಗುಡಿಸಲಿನಲ್ಲಿ ನಿಮ್ಮವ್ವನನ್ನು ಕೂರಿಸಿದವಳೇ ನಾನು.

ನೀನು ಆಗ ಹಾಸ್ಟೆಲಿನಲ್ಲಿದ್ದೆ. ಬೆಟ್ಟದ ಮೇಲಿನ ನಿಮ್ಮ ಸೋಲಿಗರ ಪೋಡಿನ ಮನೆಯಿಂದ ನಿಮ್ಮವ್ವ ಕೇತಮ್ಮ ಭಾನುವಾರ ಭಾನುವಾರ ನಿನ್ನನ್ನು ನೋಡಲು ಬರುತ್ತಿದ್ದಳು. ಮಗಳಿಗೆ ಹತ್ತಿರವಾಗಿ ಕೆಳಗೆ ಎಲ್ಲಾದರೂ ಕೆಲಸ ಇದ್ದರೆ ನೋಡಿ ಅಂತ ನನ್ನನ್ನು ಕೇಳಿದಳು. ಮ್ಯೂಸಿಯಮ್ಮಿನ ಮೇನೇಜರು ನನಗೆ ಪರಿಚಯದವರು, ಅಸಲಿ ಸೋಲಿಗರೇ ಬೇಕು ಅಂತ ಹುಡುಕುತ್ತಿದ್ದರು. ಅಲ್ಲಿಗೆ ಸೇರಿಸಿ, ದೊಡ್ಡ ಉಪಕಾರ ಮಾಡಿದೆನೆಂದು ಬೀಗಿದೆ. ಅಲ್ಲಿ ಅವಳ ಮುಖಕ್ಕೆ ಮಸಿ ಬಳಿದರು, ತಲೆ ಕೆದರಿಸಿದರು, ಸೀರೆಯ ಮೇಲೆ ಸೊಪ್ಪು ಕಟ್ಟಿದರು. ಬಾಯಿ ಬಿಡಕೂಡದು ಅಂತ ಬೇರೆ ನಿಯಮ — ಹಳೇ ಕಾಲದವರು ಈಗಿನವರ ಜೊತೆ ಮಾತಾಡಿದರೆ ಮಕ್ಕಳಿಗೆ ನಂಬಿಕೆ ಬರುವುದಿಲ್ಲವಂತೆ. ಥೂ. ನಿನಗೆ ಮಾತ್ರ ಅವಳು ತೋಟದ ಕೆಲಸ ಅಂತ ಹೇಳಿದ್ದಳು.

ಒಂದು ಭಾನುವಾರ ಹಾಸ್ಟೆಲ್ ಗೇಟಿನ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದಳು. "ಟೀಚ್ರಮ್ಮ, ನಮ್ಮಜ್ಜಿ ಕಾಲ್ದಲ್ಲೂ ಯಾರೂ ಇಂಗೆ ಮಸಿ ಬಳ್ಕತಿರ್ನಿಲ್ಲ. ಓಗ್ಲಿ, ಕೆಲ್ಸ ಅಂತ ಕೂತಿವ್ನಿ. ನಿಮ್ ಸ್ಕೂಲ್ ಮಕ್ಳು ಬರೋ ದಿನ ಮಾತ್ರ ನಂಗೆ ಮುಂಚೇನೆ ಏಳ್ಬುಡಿ. ಆವತ್ತು ರಜಾ ಆಕಂತಿನಿ. ನನ್ ಕೂಸು ನನ್ನ ಅಂಗೆ ನೋಡ್ಬಾರ್ದು."

"ಹೇಳ್ತೀನಿ, ಯೋಚನೆ ಮಾಡಬೇಡ" ಅಂದೆ. ಅವಳು ನನ್ನ ಹತ್ತಿರ ಕೇಳಿದ್ದು ಅದೊಂದೇ.

ಹೇಳಲಿಲ್ಲ. ಮರೆತುಹೋಯಿತು ಅಂತ ಬರೆದುಬಿಡಬಹುದಿತ್ತು, ಅದೂ ಸುಳ್ಳೇ. ಆ ದಿನ ಕೇತಮ್ಮನಿಗೆ ರಜೆ ಕೊಡಬಹುದಾ ಅಂತ ಮೇನೇಜರನ್ನು ಕೇಳಿದೆ. "ಆ ಎಂಗ್ಸು ಇಲ್ದೆವೋದ್ರೆ ಗುಡ್ಲು ಬಣ ಬಣ ಅಂತದೆ ಮೇಡಮ್ಮೋರೆ, ನಿಮ್ಮಕ್ಳು ಬಂದು ಏನ್ ನೋಡವು?" ಅಂದರು. ನಾನಾಗಲೇ ಮಕ್ಕಳ ಅಪ್ಪ ಅಮ್ಮಂದಿರ ಮುಂದೆ ನಿಜವಾದ ಕಾಡಿನವರನ್ನೇ ತೋರಿಸ್ತೀನಿ ಅಂತ ಜಂಬ ಕೊಚ್ಚಿಕೊಂಡಿದ್ದೆ. ಖಾಲಿ ಗುಡಿಸಲು ತೋರಿಸಿ ವಾಪಸ್ ಬಂದರೆ ನನ್ನ ಮರ್ಯಾದೆ — ಅಷ್ಟೇ, ನನ್ನ ಮರ್ಯಾದೆ. ಮಸಿ ಬಳಿದ ಮುಖ, ಮಗುವಿಗೆ ಎಲ್ಲಿ ಗುರುತು ಸಿಗುತ್ತದೆ ಅಂದುಕೊಂಡು ಸುಮ್ಮನಾದೆ.

ಮುಖ ನಿನಗೆ ಗುರುತು ಸಿಗಲೂ ಇಲ್ಲ. ಗುಡಿಸಲ ಮುಂದೆ ಮರಳಿನ ಗುಂಡಿಯೊಂದಿತ್ತು. ಸಂತೆಯಿಂದ ತಂದ ಗೆಣಸನ್ನು ಬೆಳಿಗ್ಗೆಯೇ ಅದರಲ್ಲಿ ಹೂತಿಟ್ಟಿರುತ್ತಿದ್ದರು, ಸ್ಕೂಲಿನವರು ಬಂದಾಗಲೆಲ್ಲ ಅವಳು ಕೋಲಿನಿಂದ ಅಗೆದು ತೆಗೆಯಬೇಕು. ಆವತ್ತು ನಮ್ಮ ಕ್ಲಾಸಿನವನೊಬ್ಬ ಅವಳ ಕಡೆಗೆ ಬಿಸ್ಕತ್ತು ಎಸೆದ, ಬೆಟ್ಟದ ಕೋತಿಗೆ ಎಸೆಯುವ ಹಾಗೆ. ಮಕ್ಕಳೆಲ್ಲ ನಕ್ಕರು. ನಾನು ಗದರಲಿಲ್ಲ — ನಾನೂ ನಕ್ಕೆ, ಕುಸುಮಾ.

ಅವಳು ತಲೆ ಎತ್ತಲಿಲ್ಲ. ಗೆಣಸು ಅಗೆದಳು, ತುದಿ ಮುರಿದಳು, ಆ ತುಂಡನ್ನು ಮತ್ತೆ ಗುಂಡಿಗೆ ಹಾಕಿ, ಮರಳು ಮುಚ್ಚಿ, ಅಂಗೈಯಿಂದ ಮೆಲ್ಲಗೆ ತಟ್ಟಿದಳು. ಹಾಗೆ ಮಾಡು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಬರೀ ಮರಳು, ಅಲ್ಲಿ ಏನು ಚಿಗುರುತ್ತದೆ? ಕಾಡಿನಲ್ಲಿ ಗೆಣಸು ಕಿತ್ತರೆ ಮತ್ತೆ ಬೆಳೆಯಲಿ ಅಂತ ಅವ್ವ ತುದಿ ಹೂಳುತ್ತಾಳೆ, ಕೂಸಿಗೆ ತಟ್ಟುವ ಹಾಗೆ ತಟ್ಟುತ್ತಾಳೆ ಅಂತ ಕ್ಲಾಸಿನಲ್ಲಿ ನೀನೇ ಮಾಡಿ ತೋರಿಸಿದ್ದೆ. ಆ ಕೈ ನೋಡಿದ ಕೂಡಲೇ ನೀನು "ಅವ್ವಾ" ಅಂತ ಕೂಗಿದೆ. ಕಟ್ಟಿದ್ದ ಹಗ್ಗದ ಕೆಳಗೆ ನುಸುಳಿ ಓಡಿದೆ.

ನಾನು ನಿನ್ನ ರಟ್ಟೆ ಹಿಡಿದು ಎಳೆದೆ. ಕೇತಮ್ಮ ನನ್ನನ್ನೇ ನೋಡುತ್ತಿದ್ದಳು. ಅವಳು ನೋಡುತ್ತಿರುವಾಗಲೇ, ಅಷ್ಟೂ ಮಕ್ಕಳಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ: "ಅವರು ನಿಮ್ಮವ್ವ ಅಲ್ಲ ಕಣಮ್ಮ. ಅವರು ಹಳೇ ಕಾಲದವರು."

ನೀನು ನನ್ನ ಮುಖ ನೋಡಿದೆ, ಅವಳ ಮುಖ ನೋಡಿದೆ — ಟೀಚರು ಹೇಳಿದ ಮೇಲೆ ಮುಗಿಯಿತಲ್ಲ. ಉಳಿದವರ ಜೊತೆ ನೀನೂ ನಕ್ಕೆ.

ಆ ಭಾನುವಾರ ಗೇಟಿನ ಹತ್ತಿರ ನೀನು ಅವಳನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು. "ಅವ್ವ, ಅಲ್ಲಿದ್ದುದ್ದು ನೀನಾ?" ಕೇತಮ್ಮ ಒಂದು ಸಲ ನನ್ನ ಕಡೆ ನೋಡಿದಳು. ಆಮೇಲೆ, "ಇಲ್ಲ ಕಣವ್ವ, ನಾನಲ್ಲ" ಅಂದಳು. ನನ್ನ ಸುಳ್ಳನ್ನು ಅವಳ ಬಾಯಲ್ಲೂ ಹೇಳಿಸಿದೆ, ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. ಅವಳು ಆ ಕೆಲಸ ಬಿಟ್ಟಳು. ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ನಾನು ಮಾತ್ರ ವರ್ಷ ವರ್ಷವೂ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದೆ — ಅದೇ ಗುಡಿಸಲು, ಇನ್ಯಾರದೋ ಅವ್ವ.

ಕ್ಷಮಿಸು ಅನ್ನಲು ಹೋದರೆ ನನ್ನ ನಾಲಿಗೆಯೇ ನನಗೆ ಅಸಹ್ಯ. ಅದನ್ನು ಕೇಳುವುದಿಲ್ಲ. ಈ ಭಾನುವಾರ ಬಸ್ಸು ಹತ್ತಿ ನಿಮ್ಮ ಪೋಡಿಗೆ ಬರುತ್ತೇನೆ. ನನ್ನನ್ನು ನೋಡಿ ಕೇತಮ್ಮ ಎದ್ದು ಒಳಕ್ಕೆ ಹೋಗಲಿ, ಬಾಗಿಲು ಹಾಕಿಕೊಳ್ಳಲಿ. ನಾನು ಅಂಗಳದಲ್ಲೇ ನಿಂತು, ಒಳಗಿರುವ ಅವಳಿಗೂ ಕೇಳಿಸುವ ಹಾಗೆ, ಆವತ್ತಿನಷ್ಟೇ ಗಟ್ಟಿಯಾಗಿ ನಿನಗೆ ಹೇಳುತ್ತೇನೆ — ಅವರು ನಿಮ್ಮವ್ವನೇ ಕಣಮ್ಮ. ನನಗೆ ಗೊತ್ತಿತ್ತು.