ಟೈಪಿಂಗ್ ಮೇಡಂ ಬರೆಸಿದ ಎಂಟು ಶೀರ್ಷಿಕೆಗಳು

ಮೊನ್ನೆ ಅಮ್ಮನ ಹಳೆಯ ಬೀರು ಜರುಗಿಸುವಾಗ ಹಿಂದಿನಿಂದ ಒಂದು ತಗಡಿನ ಡಬ್ಬಿ ಉರುಳಿ ಬಿತ್ತು. ಟೈಪ್‌ರೈಟರ್ ರಿಬ್ಬನ್ನಿನ ಡಬ್ಬಿ. ಅಮ್ಮ ಅದರಲ್ಲಿ ಶರ್ಟಿನ ಗುಂಡಿಗಳನ್ನು ಹಾಕಿಟ್ಟಿದ್ದರು. ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷವಾದರೂ ಗುಂಡಿಗಳಿಗೆಲ್ಲ ಶಾಯಿಯ ವಾಸನೆ, ಮಷಿನ್ ಎಣ್ಣೆಯ ವಾಸನೆ... ಅಷ್ಟೇ ಸಾಕಾಯಿತು. ಡಬ್ಬಿ ಹಿಡಿದುಕೊಂಡು ನೆಲದ ಮೇಲೆ ಕುಳಿತುಬಿಟ್ಟೆ. ದೊಡ್ಡಬಳ್ಳಾಪುರದ ಆ ಕೋಣೆಯ ಮಧ್ಯಾಹ್ನವೊಂದು ನಿಧಾನವಾಗಿ ಸುತ್ತ ತುಂಬಿಕೊಂಡಿತು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಟೈಪಿಂಗ್ ಕಲಿಯಲು ಹೋಗುತ್ತಿದ್ದೆ. ಕಲಿತದ್ದಕ್ಕಿಂತ ಅಣಕಿಸಿದ್ದೇ ಹೆಚ್ಚು. ಬಸ್ ಕಂಡಕ್ಟರ್, ಕಾಲೇಜಿನ ಮೇಷ್ಟ್ರು, ಕೆಮ್ಮಿ ಮಾತು ಶುರು ಮಾಡುವ ನಮ್ಮಪ್ಪ, ಯಾರ ದನಿ ಬೇಕಾದರೂ ತೆಗೆಯುತ್ತಿದ್ದೆ. ನನ್ನನ್ನು ನಾನೇ ಅಣಕಿಸಿಕೊಂಡರೆ ಮಾತ್ರ ಯಾರೂ ನಗುತ್ತಿರಲಿಲ್ಲ. ಮೂಲವೇ ಸಾಕಷ್ಟು ನಗೆಪಾಟಲಾಗಿತ್ತು.

ಟೈಪಿಂಗ್ ಶಾಲೆ ನಡೆಸುತ್ತಿದ್ದವರನ್ನು ಊರೆಲ್ಲ ಮೇಡಂ ಎಂದೇ ಕರೆಯುತ್ತಿತ್ತು. ನಲವತ್ತು ದಾಟಿದ್ದ ಹೆಂಗಸು. ತುರುಬಿನಲ್ಲಿ ಸದಾ ಒಂದು ಪೆನ್ಸಿಲ್. ಸಂಜೆ ಮಷಿನ್‌ಗಳಿಗೆ ಬಟ್ಟೆ ಹೊದಿಸುವಾಗ ಮಕ್ಕಳನ್ನು ಮಲಗಿಸುವವರ ಹಾಗೆ ಅಂಚನ್ನು ಒಳಕ್ಕೆ ಸಿಕ್ಕಿಸುತ್ತಿದ್ದರು. ಗೋಡೆಯ ಆಚೆ ಸೀರೆ ನೇಯುವ ಮಗ್ಗಗಳ ಶೆಡ್ಡು. ಅಲ್ಲಿನ ಸದ್ದು ಮೊದಲ ದಿನ ತಲೆ ಚಿಟ್ಟು ಹಿಡಿಸುತ್ತಿತ್ತು, ಆಮೇಲೆ ನಿದ್ದೆಯ ಹಾಗೆ ಮೈಮೇಲೆ ಬರುತ್ತಿತ್ತು. ಬಿಸಿಲಿನ ಕೋಲಿನಲ್ಲಿ ನೂಲಿನ ಧೂಳು ತೇಲುತ್ತಿತ್ತು. ಅದರ ನಡುವೆ ಮೇಡಂ ತಂದಿಟ್ಟಿದ್ದ ಒಂದೇ ಒಂದು ಕಂಪ್ಯೂಟರು, ಫೋನ್ ತಂತಿಯ ಮೂಲಕ ಎಲ್ಲಿಗೋ ಕೂಗಿ ಕೂಗಿ, ಕೊನೆಗೆ ಇಂಟರ್ನೆಟ್ಟಿಗೆ ಹತ್ತುತ್ತಿತ್ತು.

ಆ ಕೋಣೆ ಮಗ್ಗದ ಯಜಮಾನರದು. ಟೈಪಿಂಗಿಗೆ ಬರುವ ಮಕ್ಕಳು ಕಡಿಮೆಯಾದ ಮೇಲೆ ಅವರ ಕಣ್ಣು ಕೋಣೆಯ ಮೇಲೆ ಬಿದ್ದಿತ್ತು. ಇನ್ನೂ ನಾಲ್ಕು ಮಗ್ಗ ಹಾಕಬಹುದಾದ ಜಾಗ. ಮೇಡಂ ಬೇಡಿಕೊಳ್ಳಲಿಲ್ಲ. ‘ನಿಮ್ಮ ಸೀರೆಗೆ ಇಂಟರ್ನೆಟ್ಟಲ್ಲಿ ಪುಟ ಮಾಡ್ಕೊಡ್ತೀನಿ, ಗಿರಾಕಿ ಅಲ್ಲಿಂದ ಬರ್ತಾರೆ’ ಎಂದರು. ಯಜಮಾನರು ಆಯುಧಪೂಜೆಯವರೆಗೆ ಟೈಮು ಕೊಟ್ಟರು. ಒಬ್ಬನೇ ಒಬ್ಬ ಗಿರಾಕಿ ಬಂದರೂ ಕೋಣೆ ಮೇಡಂಗೆ, ಬರದಿದ್ದರೆ ಮಗ್ಗಕ್ಕೆ.

ಪುಟಗಳನ್ನು ಮಾಡಿದವನು ನಾನೇ. ಜೆರಾಕ್ಸ್ ಮಾಡಿಸಿದ ಪುಸ್ತಕ ನೋಡಿಕೊಂಡು ಎಂಟು ಪುಟ ಕಟ್ಟಿದೆ. ಪ್ರತಿ ಪುಟಕ್ಕೂ ಒಂದು ಶೀರ್ಷಿಕೆ ಕೊಡಬೇಕಿತ್ತು. ಯಜಮಾನರು ಏನು ಬರೆದರೂ ಮೇಲೆ ದೇವರ ಹೆಸರು ಹಾಕಿಯೇ ಮುಂದುವರಿಯುವವರು. ಪಟ್ಟಿ, ಪತ್ರ, ಲಗ್ನಪತ್ರಿಕೆ, ಯಾವುದೇ ಇರಲಿ. ನಾನೂ ಹಾಗೇ ಇಂಗ್ಲಿಷ್ ಅಕ್ಷರಗಳಲ್ಲಿ ‘ಶ್ರೀ ಘಾಟಿ ಸುಬ್ರಹ್ಮಣ್ಯಸ್ವಾಮಿ ಪ್ರಸನ್ನ’ ಎಂದು ಶುರು ಮಾಡಿ, ಯಜಮಾನರ ತಾತನ ಹೆಸರು, ತಂದೆಯ ಹೆಸರು ದಾಟಿ, ಕೊನೆಗೆ ಸೀರೆ ವ್ಯಾಪಾರಿಗಳು ಎಂದು ಬರೆದೆ. ಎಂಟೂ ಪುಟಕ್ಕೆ ಅದೇ. ಬರೆದು ಮುಗಿಸಿದಾಗ ನನಗೆ ನನ್ನ ಮೇಲೆ ಬಹಳ ಗೌರವ ಮೂಡಿತ್ತು.

ಎರಡು ತಿಂಗಳಾದ ಮೇಲೆ ಮೊದಲ ಇಮೇಲ್ ಬಂತು. ಯಜಮಾನರು ಓಡೋಡಿ ಬಂದರು. ಮೇಡಂ ಓದಿದರು. ಬರೆದವರು ದೆಹಲಿಯವರು. ದೇವಸ್ಥಾನದಲ್ಲಿ ಸರ್ಪದೋಷಕ್ಕೆ ಪೂಜೆ ಮಾಡಿಸಬೇಕು, ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತೆ ಎಂದು ಕೇಳಿದ್ದರು.

ಮೇಡಂ ಹುಡುಕುವ ತಾಣ ತೆರೆದು ತೋರಿಸಿದರು. ಪಟ್ಟಿಯಲ್ಲಿ ನಮ್ಮ ಪುಟದ ಶೀರ್ಷಿಕೆ ನೀಲಿ ಅಕ್ಷರಗಳ ಒಂದು ಸಾಲಾಗಿ ಕಾಣುತ್ತಿತ್ತು. ಆ ಸಾಲು ದೇವರನ್ನು ದಾಟಿ ತಾತನವರೆಗೆ ಬಂದು, ಮೂರು ಚುಕ್ಕಿಯಲ್ಲಿ ನಿಂತುಹೋಗಿತ್ತು. ಸೀರೆ ಎಂಬ ಮಾತು ಬರುವ ಮೊದಲೇ ಕತ್ತರಿ.

‘ಲೇ ಪ್ರಚಂಡ, ಸೀರೆ ಎಲ್ಲೋ?’ ಎಂದರು ಮೇಡಂ.

‘ಹಿಂದೆ ಬರ್ತಾ ಇದೆ ಮೇಡಂ, ನಡ್ಕೊಂಡು’ ಎಂದೆ.

ಅವರು ನಗಲಿಲ್ಲ. ಹಬ್ಬಕ್ಕೆ ಒಂದೂವರೆ ತಿಂಗಳಿತ್ತು.

ದೇವರ ಹೆಸರು ತೆಗೆಯಬೇಕು ಎಂದ ಕೂಡಲೇ ಯಜಮಾನರ ಮುಖ ಬಿಗಿಯಾಯಿತು. ‘ನಮ್ಮಪ್ಪನ ಕಾಲದಿಂದ ಬಂದಿದ್ದು ಮೇಡಂ. ಅದನ್ನ ಅಳಿಸಿ ನಾನು ಉದ್ಧಾರ ಆಗ್ತೀನಾ?’

‘ಅಳಿಸೋದು ಅಂತ ಯಾರಂದ್ರು ಯಜಮಾನ್ರೇ? ನಿಮ್ಮ ಅಂಗಡೀಲಿ ದೇವರ ಪಟ ಎಲ್ಲಿ ಹಾಕಿದೀರಿ?’

‘ಒಳಗೆ. ನನ್ನ ತಲೆ ಮೇಲೆ.’

‘ಬೀದೀಲಿರೋ ಬೋರ್ಡಲ್ಲಿ?’

‘ಸೀರೆ ಅಂತಿದೆ.’

‘ಇದೂ ಬೋರ್ಡೇ. ಸ್ವಾಮಿ ಒಳಗಿರ್ತಾನೆ ಬಿಡಿ.’

ಯಜಮಾನರು ಪರದೆಗೆ ಕೈಮುಗಿದು ಒಪ್ಪಿದರು.

ಆಮೇಲಿನ ಹತ್ತು ದಿನ ನೆನೆದರೆ ಈಗಲೂ ಕನಸಿನೊಳಗೆ ನಡೆದ ಹಾಗಿದೆ... ಮೇಡಂ ಶೀರ್ಷಿಕೆಗಳನ್ನು ಮೊದಲು ಟೈಪ್‌ರೈಟರಿನಲ್ಲೇ ಹೊಡೆಯುತ್ತಿದ್ದರು. ಸಾಲು ಮುಗಿಯುವ ಮೊದಲು ಎಚ್ಚರಿಸಲು ಅದರಲ್ಲೊಂದು ಪುಟ್ಟ ಗಂಟೆ ಇರುತ್ತದಲ್ಲ, ಹುಡುಕುವ ತಾಣ ಎಲ್ಲಿ ಕತ್ತರಿಸುತ್ತದೋ ಅಲ್ಲಿಗೆ ಸರಿಯಾಗಿ ಆ ಗಂಟೆಯನ್ನು ಹೊಂದಿಸಿದ್ದರು. ಹೇಳುವುದು ಮುಗಿಯುವ ಮೊದಲೇ ಗಂಟೆ ಹೊಡೆದರೆ ಹಾಳೆ ಎಳೆದು, ಮುದುರಿ, ಬುಟ್ಟಿಯ ಕಡೆ ಎಸೆಯುತ್ತಿದ್ದರು. ನೆಲದ ತುಂಬ ಬಿಳಿಯ ಉಂಡೆಗಳು.

ಯಾವ ಮಾತು ಮೊದಲು ಬರಬೇಕು ಎಂಬ ಪ್ರಶ್ನೆಗೆ ಅವರು ಹಿಡಿದದ್ದು ನನ್ನನ್ನು. ‘ದಿನಾ ಎಲ್ಲರನ್ನೂ ಆಡ್ಕೋತೀಯಲ್ಲ, ಈಗ ಗಿರಾಕಿ ಆಗು. ನಿಂಗೆ ಯಜಮಾನ್ರ ತಾತ ಗೊತ್ತಿಲ್ಲ, ನಾವ್ಯಾರೂ ಗೊತ್ತಿಲ್ಲ. ಬಾಗಿಲಲ್ಲಿ ನಿಂತು ಏನಂತ ಕೇಳ್ತೀಯ?’

ನಾನು ಮದುವೆ ಮನೆಯ ಅತ್ತೆಯಾದೆ. ‘ಉಡುಗೊರೆ ಕೊಡೋಕೆ ಒಂದಿಪ್ಪತ್ತು ಸೀರೆ ತೋರ್ಸಪ್ಪ’ ಎಂದೆ. ಬೆಂಗಳೂರಿನ ಆಫೀಸಿನ ಹೆಂಗಸಾಗಿ, ಇಸ್ತ್ರಿ ಬೇಡದ, ದಿನವೂ ಉಡುವ ಸೀರೆ ಕೇಳಿದೆ. ಕೊಸರಾಡುವ ಹೆಡ್‌ಮಿಸ್ಸಾಗಿ, ನಮ್ಮ ಟೀಚರ್‌ಗಳಿಗೆಲ್ಲ ಒಂದೇ ಬಣ್ಣದ ಸೀರೆ ಬೇಕು ಎಂದೆ. ಮೇಡಂ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದರು. ನನ್ನ ಬಾಯಿಂದ ಬಂದ ಮಾತುಗಳೇ ಶೀರ್ಷಿಕೆಯ ಮೊದಲ ಮಾತುಗಳಾದವು. ಆಮೇಲೆ ಊರ ಹೆಸರು. ಯಜಮಾನರ ಹೆಸರು ಕಡೆಗೆ, ಗಂಟೆಗೆ ಮುಂಚೆ ಜಾಗ ಉಳಿದರೆ ಮಾತ್ರ. ಎಂಟು ಪುಟಕ್ಕೆ ಎಂಟು ಬೇರೆ ಬೇರೆ ಸಾಲು.

ಯಜಮಾನರು ಒಂದು ದಿನ ಮೆಲ್ಲಗೆ ಬಂದರು. ‘ಮುಂದೆ ಕಾಂಚೀಪುರಂ ಅಂತ ಒಂದು ಮಾತು ಹಾಕ್ಬಿಡಿ ಮೇಡಂ. ಜನ ಮುಗಿಬೀಳ್ತಾರೆ.’

‘ಬೀಳ್ತಾರೆ. ಬಂದು ಸೆರಗು ಮುಟ್ಟಿ ನೋಡಿ, ಎದ್ದು ಹೋಗ್ತಾರೆ. ಮೇಲೆ ಏನು ಬರೆದಿರ್ತೀವೋ ಅದು ಒಳಗಿರಬೇಕು. ನಂಬ್ಕೊಂಡು ಬಂದೋರನ್ನ ಬರಿಗೈಲಿ ಕಳಿಸೋದಾದ್ರೆ ನಂಗೆ ಈ ಕೋಣೇನೇ ಬೇಡ.’

ಹಬ್ಬಕ್ಕೆ ಎಂಟು ದಿನವಿರುವಾಗ ಪುಣೆಯ ಒಂದು ಶಾಲೆಯಿಂದ ಇಮೇಲ್ ಬಂತು. ಟೀಚರ್‌ಗಳಿಗೆಲ್ಲ ಒಂದೇ ಬಣ್ಣದ ಸೀರೆ ಬೇಕಾಗಿತ್ತು. ನಾನು ಹೆಡ್‌ಮಿಸ್ಸಿನ ದನಿಯಲ್ಲೇ ಅದನ್ನು ಓದಿದೆ. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೋಣೆ ಉಳಿಯಿತು.

ಉಳಿದದ್ದು ಮೂರು ತಿಂಗಳು. ಪುಣೆಯ ಹಿಂದೆಯೇ ಇನ್ನೊಂದು ಶಾಲೆ ಬಂತು, ಒಂದು ಆಸ್ಪತ್ರೆ ಬಂತು. ಇದ್ದ ಮಗ್ಗಗಳು ಹಗಲೂ ರಾತ್ರಿ ಓಡಿದರೂ ಸೀರೆ ಸಾಲದಾಯಿತು. ಯಜಮಾನರು ಕೊಟ್ಟ ಮಾತಿನ ಮನುಷ್ಯ, ಬಾಯಿ ಬಿಟ್ಟು ಕೇಳಲಿಲ್ಲ. ಸುಮ್ಮನೆ ಬಾಗಿಲವರೆಗೆ ಬಂದು, ಮಳೆ ಬರೋ ಹಾಗಿದೆ ಎಂದು ಹೇಳಿ ಹೋಗುತ್ತಿದ್ದರು. ಜನವರಿಯಲ್ಲಿ ಮಳೆ! ನಾಲ್ಕನೆಯ ಸಲ ಬಂದಾಗ ಮೇಡಂ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು.

‘ಅಯ್ಯೋ, ನಾನೇನೂ ಕೇಳಲಿಲ್ಲವಲ್ಲ ತಾಯಿ’ ಎಂದರು ಯಜಮಾನರು.

‘ನೀವು ಕೇಳಲಿಲ್ಲ. ಬರೆದೋಳು ನಾನು. ಬಂದೋರಿಗೆ ಸೀರೆ ಸಿಗಬೇಕಲ್ಲ.’

ಟೈಪ್‌ರೈಟರುಗಳನ್ನು ಲಗೇಜ್ ಆಟೋಗೆ ಏರಿಸಿದವನೂ ನಾನೇ. ಏನಾದರೂ ತಮಾಷೆ ಮಾಡಬೇಕೆಂದು ಬಾಯಿ ತೆರೆದೆ, ಯಾರ ದನಿಯೂ ಬರಲಿಲ್ಲ. ಮೇಡಂ ಒಂದು ಹಳೆಯ ರಿಬ್ಬನ್ ಡಬ್ಬಿ ನನ್ನ ಕೈಗಿಟ್ಟು, ‘ಪಾಸ್ ಮಾಡ್ಕೊಳೋ’ ಎಂದರು. ಆಟೋ ಹಳೇ ಬಸ್‌ಸ್ಟ್ಯಾಂಡಿನ ಕಡೆ ತಿರುಗಿತು...

ಈಗ ನಾನು ದೇವನಹಳ್ಳಿಯಲ್ಲಿ ಅಂಗಡಿಗಳಿಗೆ ಇಂಥವೇ ಪುಟ ಮಾಡಿಕೊಟ್ಟು ಬದುಕುತ್ತೇನೆ. ಶೀರ್ಷಿಕೆ ಬರೆಯುವ ಮೊದಲು ಬಾಗಿಲು ಹಾಕಿಕೊಂಡು ಗಿರಾಕಿಯ ದನಿಯಲ್ಲಿ ಗಟ್ಟಿಯಾಗಿ ಮಾತಾಡುವುದುಂಟು. ಪಕ್ಕದ ಮೆಡಿಕಲ್ ಸ್ಟೋರಿನವರು ನನಗೆ ತಲೆ ಸರಿಯಿಲ್ಲ ಎಂದು ನಂಬಿದ್ದಾರೆ. ಮೇಡಂ ಹೆಸರು ಹಾಕಿ ಎಷ್ಟೋ ಸಲ ಹುಡುಕಿದ್ದೇನೆ. ಅದೇ ಹೆಸರಿನ ಸಾವಿರ ಜನ ಬಂದರು, ಅವರು ಬರಲಿಲ್ಲ.

ಡಬ್ಬಿ ಸಿಕ್ಕ ಮರುದಿನ ದೊಡ್ಡಬಳ್ಳಾಪುರಕ್ಕೆ ಹೋದೆ. ಯಜಮಾನರ ಸೊಸೆ ಅಂಗಡಿಯಲ್ಲಿದ್ದರು. ಮೇಡಂ ಇಲ್ಲೇ ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ತಂಗಿಯ ಮನೆ ಸೇರಿದ್ದರಂತೆ. ಅಲ್ಲಿನ ಹೆಣ್ಣುಮಕ್ಕಳಿಗೆ ಕಡೆಯವರೆಗೂ ಟೈಪಿಂಗ್ ಹೇಳಿಕೊಡುತ್ತಿದ್ದರಂತೆ. ತೀರಿಹೋಗಿ ಎರಡು ವರ್ಷವಾಯಿತಂತೆ.

ದೇವನಹಳ್ಳಿಯಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಟೈಪಿಂಗ್ ಮೇಡಂ ಮನೆ ಎಲ್ಲಿ ಎಂದು ಕೇಳಿದ್ದರೆ ಯಾರಾದರೂ ತೋರಿಸುತ್ತಿದ್ದರು. ಇಷ್ಟು ವರ್ಷ ನಾನು ಯಾರನ್ನೂ ಕೇಳಲಿಲ್ಲ.