‘ಸುಮ್ನೆ’ ಎಂಬ ಫೈಲು

ನಮ್ಮ ಕಡೆಯವರನ್ನು ‘ಎಲ್ಲಿಗೆ ಹೊರಟ್ರಿ?’ ಎಂದು ಕೇಳಿ ನೋಡಿ. ಕೈಯಲ್ಲಿ ಚೀಲ, ಕಂಕುಳಲ್ಲಿ ಕೊಡೆ, ಜೇಬಿನಲ್ಲಿ ತುಮಕೂರಿನ ಡಾಕ್ಟರ ಚೀಟಿ ಇದ್ದರೂ ಉತ್ತರ ಮಾತ್ರ ‘ಸುಮ್ನೆ’. ಜಗಲಿ ಮೇಲೆ ಯಾಕೆ ಕೂತಿದ್ದೀರಿ ಅಂದರೆ ಸುಮ್ನೆ. ಹೊಸ ಅಂಗಿ ಯಾಕೆ ಹೊಲಿಸಿದಿರಿ ಅಂದರೆ ಸುಮ್ನೆ. ಮೂರು ತಿಂಗಳು ಯೋಚನೆ ಮಾಡಿ ಮಾಡಿದ ಕೆಲಸಕ್ಕೇ ಈ ಮಾತು ಹೆಚ್ಚಾಗಿ ಬರುತ್ತದೆ ಎಂಬುದು ನನಗೆ ತಿಳಿಯಲು ಐವತ್ತೇಳು ವರ್ಷ ಬೇಕಾಯಿತು. ತಿಳಿಸಿದ್ದು ಒಂದು ಕಂಪ್ಯೂಟರ್ ಫೈಲು.

ನಾನು ತಿಪಟೂರಿನ ಒಂದು ತೆಂಗು ಬೆಳೆಗಾರರ ಸಂಘದಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ವಿಭಾಗವೆಂದರೆ ನಾನು, ಗಾಜಿನ ಕೋಣೆಯಲ್ಲಿರುವ ಸರ್ವರು ಮತ್ತು ಅದಕ್ಕಾಗಿ ಹಾಕಿಸಿದ ಏಸಿ. ಏಸಿ ಸರ್ವರಿನದು, ನಾನು ಪಕ್ಕದಲ್ಲಿ ಕೂತು ತಣ್ಣಗಿರುವವನು. ನಾನೇ ಮುಂದೆ ನಿಂತು ಮಾಡಿಸಿದ ತಂತ್ರಾಂಶಕ್ಕೆ ನಾವೆಲ್ಲ ‘ಸಿಸ್ಟಮ್’ ಎನ್ನುತ್ತೇವೆ. ಅದರ ಮೇಲೆ ನನಗೆ ಹೆತ್ತವನ ಅಭಿಮಾನ. ಹೆತ್ತವರಿಗೆ ಮಗುವಿನ ಮೆಳ್ಳೆಗಣ್ಣು ಕಾಣುವುದಿಲ್ಲ ನೋಡಿ, ನನಗೂ ಕಂಡಿರಲಿಲ್ಲ.

ಸಿಸ್ಟಮ್ ಮಾಡುವ ಮುಖ್ಯ ಕೆಲಸ ಸರದಿ ಹಚ್ಚುವುದು. ನಮ್ಮಲ್ಲಿ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಮರೆತುಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಉಂಡೆ ಕೊಬ್ಬರಿ ತಾನಾಗಿಯೇ ಆಗುತ್ತದೆ. ಆಗ ನಮ್ಮ ಸಂಘದ ತಂಡ ಮನೆಗೆ ಹೋಗಿ ಸುಲಿದು ಒಡೆದುಕೊಡುತ್ತದೆ. ಕಾಯಿ ಅಟ್ಟಕ್ಕೆ ಹೋದ ತಾರೀಕಿಗೆ ಹನ್ನೊಂದು ತಿಂಗಳು ಕೂಡಿಸಿ, ಯಾರ ಮನೆಗೆ ಯಾವತ್ತು ತಂಡ ಎಂದು ಸಿಸ್ಟಮ್ ಹೇಳುತ್ತದೆ. ಎಷ್ಟು ಚೆಂದ ಅಲ್ಲವೇ? ನನಗೂ ಹಾಗೇ ಅನ್ನಿಸಿತ್ತು.

ಹೀಗಿರುವಾಗ ಮಾಯಸಂದ್ರ ಶಾಖೆಯಲ್ಲಿ ತಂಡದ ಉಸ್ತುವಾರಿ ಮಾಡುತ್ತಿದ್ದವರೊಬ್ಬರು ಕೆಲಸ ಬಿಟ್ಟರು. ಅವರು ಮೂರು ಊರಿನ ಸರದಿಯನ್ನು ತಮ್ಮ ಸ್ವಂತ ಫೋನಿನಲ್ಲಿ ಬೇರೆಯೇ ಬರೆದಿಟ್ಟುಕೊಂಡಿದ್ದು ಆಮೇಲೆ ಗೊತ್ತಾಯಿತು. ಅವರೊಂದಿಗೆ ಸರದಿಯೂ ಹೋಯಿತು. ಆ ಊರುಗಳವರು ಬಂದು ಆಫೀಸಿನ ಮುಂದೆ ಕೂತರು. ನಮ್ಮ ಕಾರ್ಯದರ್ಶಿಗಳು ಕೆಂಡವಾಗಿ ಆದೇಶ ಹೊರಡಿಸಿದರು. ಸಿಸ್ಟಮ್ಮಿನ ಹೊರಗೆ ಯಾರ್‍ಯಾರು ಏನೇನು ಇಟ್ಟುಕೊಂಡಿದ್ದಾರೋ ಎಲ್ಲವನ್ನೂ ಪಟ್ಟಿ ಮಾಡಿ ನಿಲ್ಲಿಸತಕ್ಕದ್ದು, ಗುತ್ತಿಗೆ ನೌಕರರಾಗಿದ್ದರೆ ಗುತ್ತಿಗೆ ಮುಂದುವರಿಸತಕ್ಕದ್ದಲ್ಲ. ಪಟ್ಟಿ ಮಾಡುವವನು ನಾನು. ಆದೇಶ ಓದಿ ಒಳಗೊಳಗೇ ಖುಷಿಪಟ್ಟೆ ಎಂದು ಒಪ್ಪಿಕೊಂಡುಬಿಡುತ್ತೇನೆ.

ಫಾರಂ ಹಿಡಿದು ಶಾಖೆಗಳನ್ನು ಸುತ್ತಿದೆ. ನೊಣವಿನಕೆರೆಯಲ್ಲಿ ಒಂದು ವಾಟ್ಸಾಪ್ ಗುಂಪು ಇಡೀ ಶಾಖೆಯನ್ನೇ ನಡೆಸುತ್ತಿತ್ತು. ಚಿಕ್ಕನಾಯಕನಹಳ್ಳಿಯ ಮ್ಯಾನೇಜರು ದಾರಿ ತೋರಿಸುವ ಯಾವುದೋ ಆ್ಯಪನ್ನು ತಾವೇ ಹಾಕಿಸಿಕೊಂಡಿದ್ದರು. ಇದೇನ್ರೀ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ, ನಿಮಗೆ ಗೊತ್ತೇ ಇದೆ. ‘ಬಳಕೆಯ ಉದ್ದೇಶ’ ಎಂಬ ಕಾಲಮ್ಮಿನಲ್ಲಿ ನಾನು ಏನು ಬರೆಯಬೇಕು? ಹಳೆಗನ್ನಡದಲ್ಲಿ ‘ಸುಮ್ಮಾನ’ ಎಂದರೆ ಸಂತೋಷ. ಅದಕ್ಕೂ ನಮ್ಮ ‘ಸುಮ್ಮನೆ’ಗೂ ನಂಟುಂಟೋ ಇಲ್ಲವೋ ಪಂಡಿತರು ಹೇಳಲಿ. ಕೇಳದೆ, ಹೇಳದೆ, ಯಾರ ಸಹಿಯೂ ಇಲ್ಲದೆ ತಮ್ಮ ಕೆಲಸಕ್ಕೆ ತಾವೇ ಒಂದು ಉಪಾಯ ಮಾಡಿಕೊಂಡವರ ಮುಖದಲ್ಲಿ ಸ್ವಲ್ಪ ಸುಮ್ಮಾನ ಇದ್ದದ್ದಂತೂ ನಿಜ.

ದಂಡಿನಶಿವರದಲ್ಲಿ ಶಾಹಿನಾ ಸಿಕ್ಕಳು. ತುರುವೇಕೆರೆಯ ದರ್ಜಿಯೊಬ್ಬರ ಮಗಳು, ಶಾಖೆಯ ಗುತ್ತಿಗೆ ಗುಮಾಸ್ತೆ. ಗುತ್ತಿಗೆ ಮುಗಿಯುವುದು ಅದೇ ತಿಂಗಳ ಕೊನೆಗೆ. ಅವಳ ಫೋನಿನಲ್ಲಿ ಒಂದು ಫೈಲಿತ್ತು. ಫೈಲಿನ ಹೆಸರೇ ‘ಸುಮ್ನೆ’. ಒಳಗೆ ರೈತರ ಹೆಸರು, ಪಕ್ಕದಲ್ಲಿ ‘ಗುಳುಗುಳು’ ಅಥವಾ ‘ಲೊಟಲೊಟ’. ನನಗೆ ತಲೆಬುಡ ಹರಿಯಲಿಲ್ಲ. ಅವಳು ಒಂದು ಧ್ವನಿ ಸಂದೇಶ ಒತ್ತಿ ಫೋನನ್ನು ನನ್ನ ಕಿವಿಗೆ ಹಿಡಿದಳು. ಯಾರೋ ಏದುಸಿರು ಬಿಡುತ್ತ ಅಟ್ಟ ಹತ್ತಿದ ಸದ್ದು, ಆಮೇಲೆ ಕಾಯಿ ಅಲ್ಲಾಡಿಸಿದ ಸದ್ದು. ಒಳಗೆ ನೀರಿದ್ದರೆ ಗುಳುಗುಳು, ಇನ್ನೂ ಕಾಯಬೇಕು. ಉಂಡೆ ಬಿಟ್ಟಿದ್ದರೆ ಲೊಟಲೊಟ, ತಂಡ ಕಳಿಸಬಹುದು. ಊರೂರಿನ ರೈತರು ಫೋನಿನ ಮುಂದೆ ತೆಂಗಿನಕಾಯಿ ಅಲ್ಲಾಡಿಸಿ ಇವಳಿಗೆ ಕಳಿಸುತ್ತಿದ್ದರು. ಇವಳು ಕೇಳಿ ಕೇಳಿ, ಸಿಸ್ಟಮ್ ಹಚ್ಚಿದ ಸರದಿಯನ್ನು ಹಿಂದೆಮುಂದೆ ಮಾಡುತ್ತಿದ್ದಳು.

ಸಿಸ್ಟಮ್ ಇರುವಾಗ ಇದೆಲ್ಲ ಯಾಕಮ್ಮ ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ.

“ನಿಮ್ ಸಿಸ್ಟಮ್ಗೆ ತಾರೀಕು ಗೊತ್ತು ಸಾರ್, ಕಾಯಿ ಗೊತ್ತಿಲ್ಲ,” ಅಂದಳು. “ಶೀಟಿನ ಮನೆ ಅಟ್ಟ ಬಿಸಿ, ಬೇಗ ಆಯ್ತದೆ. ಹೆಂಚಿನ ಮನೇದು ತಡ. ಹಸಿ ಕಾಯಿ ಒಡೆದ್ಬುಟ್ರೆ ಮತ್ತೆ ಮುಚ್ಚಕಾಯ್ತದಾ?”

ನನಗೆ ಸಿಟ್ಟು ನೆತ್ತಿಗೇರಿತು. ಫಾರಮ್ಮಿನಲ್ಲಿ ಅವಳ ಹೆಸರು ದಪ್ಪಕ್ಷರದಲ್ಲಿ ಬರೆದುಕೊಂಡು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಸಿಟ್ಟು ಇಳಿಯುತ್ತ ಬಂದಂತೆ ಹಿಂದಿನ ವರ್ಷದ ಒಂದು ದಿನ ನೆನಪಾಯಿತು. ನಮ್ಮ ತಂಡ ಸರಿಯಾದ ತಾರೀಕಿಗೆ ಹೋಗಿ ಒಂದು ಮನೆಯ ಕಾಯಿಗಳನ್ನು ಹಸಿಯಲ್ಲೇ ಒಡೆದಿತ್ತು. ಆ ಮನೆಯ ಹೆಂಗಸು ಬೂಸಲು ಹಿಡಿದ ಹೋಳುಗಳನ್ನು ಮಂಕರಿಯಲ್ಲಿ ತಂದು, ನನ್ನ ಮೇಜಿನ ಮೇಲಿಟ್ಟು ಹೋಗಿದ್ದಳು. ನಾನು ಸಿಸ್ಟಮ್ ತೆಗೆದು ನೋಡಿ, ತಾರೀಕು ಸರಿಯಾಗಿಯೇ ಇದೆಯಲ್ಲ ಎಂದು ಸಮಾಧಾನಪಟ್ಟಿದ್ದೆ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಹಾಗೆಂದು ಶಾಹಿನಾಳನ್ನು ಪಟ್ಟಿಯಿಂದ ಬಿಡುವುದೂ ಸರಿಯಲ್ಲ. ನಾಳೆ ಅವಳ ಫೋನು ನೀರಿಗೆ ಬಿದ್ದರೆ ಇನ್ನೊಂದು ಮಾಯಸಂದ್ರ. ಸೇರಿಸಿದರೆ ಅವಳ ಕೆಲಸ ಹೋಗುತ್ತದೆ. ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಪಟ್ಟಿ ಹರಡಿಕೊಂಡು, ಅವಳ ಹೆಸರು ಹೊಡೆದುಹಾಕುವುದು, ಮತ್ತೆ ಬರೆಯುವುದು, ಇದೇ ಆಯಿತು. ಫ್ಯಾನಿನ ಗಾಳಿಗೆ ಹಾಳೆ ಹಾರುತ್ತಿತ್ತು. ನನ್ನ ಊಟದ ಚೀಲ ತೊಳೆಯಲು ಬಿಚ್ಚುತ್ತಿದ್ದ ಹೆಂಡತಿ ಅದರೊಳಗಿಂದ ಏನನ್ನೋ ತೆಗೆದು ಹಾಳೆಯ ಮೇಲೆ ಭಾರಕ್ಕಿಟ್ಟಳು.

“ತಗೊಳ್ಳಿ, ನಿಮ್ಮ ಸುಮ್ನೆ,” ಅಂದಳು.

ಅದೊಂದು ಹಾರ್ಡ್ ಡಿಸ್ಕು. ಒಂಬತ್ತು ವರ್ಷದ ಹಿಂದೆ ಸರ್ವರ್ ಕೋಣೆಯ ಬ್ಯಾಟರಿಯಿಂದ ಹೊಗೆ ಬಂದಿತ್ತು. ಇನ್ನೊಂದು ಪ್ರತಿ ಬೇರೆ ಕಡೆ ಇಡಬೇಕು ಎಂದು ಬರೆದೆ, ಕಡತ ಕೂತಲ್ಲೇ ಕೂತಿತು. ಅಂದಿನಿಂದ ನಾನು ಇಡೀ ಸಂಘದ ಮಾಹಿತಿಯನ್ನು ದಿನಾ ಸಂಜೆ ಮೊಸರನ್ನದ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡು ಮನೆಗೆ ತರುತ್ತಿದ್ದೆ. ಇದಕ್ಕೆ ಯಾರ ಅಪ್ಪಣೆಯೂ ಇರಲಿಲ್ಲ. ಮಾಹಿತಿ ಸುರಕ್ಷತೆಯ ತರಬೇತಿ ಕೊಟ್ಟಾಗಲೂ ಈ ಚೀಲ ನನ್ನ ಕಾಲ ಬುಡದಲ್ಲೇ ಇತ್ತು. ಮೊದಲ ದಿನ ಇವಳು ಅದೇನೆಂದು ಕೇಳಿದಾಗ ‘ಸುಮ್ನೆ ಕಣೇ’ ಅಂದಿದ್ದೆನಂತೆ. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಅದೇ ಹೆಸರು. ಕೇಳಿ ಕೇಳಿ ನನ್ನ ಕಿವಿಗೆ ಬೀಳುವುದೇ ನಿಂತುಹೋಗಿತ್ತು.

ಸೋಮವಾರ ಕಾರ್ಯದರ್ಶಿಗಳ ಮುಂದೆ ಪಟ್ಟಿ ಇಟ್ಟೆ. ಓದಿ ಕನ್ನಡಕ ತೆಗೆದು, ಮೊದಲನೇ ಹೆಸರೇ ನಿಮ್ಮದಿದೆಯಲ್ಲ ಅಂದರು. ಹೌದು ಅಂದೆ.

“ಬಸ್ಸಲ್ಲಿ ಕಳೆದುಹೋಗಿದ್ರೆ ಏನ್ರೀ ಗತಿ? ಯಾಕ್ರೀ ತಗೊಂಡು ಹೋಗ್ತಿದ್ರಿ?”

ಹೊಗೆ, ಬ್ಯಾಟರಿ, ಕೂತ ಕಡತ ಎಲ್ಲವನ್ನೂ ಕ್ರಮವಾಗಿ ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು ಒಂದೇ ಮಾತು.

“ಸುಮ್ನೆ ಸಾರ್.”

ಆಮೇಲೆ ಧೈರ್ಯ ಮಾಡಿ ಉಳಿದದ್ದನ್ನೂ ಹೇಳಿದೆ. ಮಂಕರಿ ತಂದ ಹೆಂಗಸಿನ ವಿಷಯವನ್ನೂ ಬಿಡಲಿಲ್ಲ. ಆದೇಶದ ಪ್ರಕಾರ ಶಾಹಿನಾಳನ್ನು ಕಳಿಸುವುದಾದರೆ ಪಟ್ಟಿಯ ಕ್ರಮದಲ್ಲೇ ಕಳಿಸಿ, ನನ್ನಿಂದ ಶುರುಮಾಡಿ ಎಂದೆ. ನಿವೃತ್ತಿಗೆ ಮೂರು ವರ್ಷ ಇರುವವನು ಆಡುವ ಮಾತೇ ಅದು?

ಅವರು ಪಟ್ಟಿಯನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ಓದಿದರು. ಕೊನೆಗೆ ಪೆನ್ನು ತೆಗೆದು, ಪಟ್ಟಿಯ ತಲೆಬರಹದಲ್ಲಿದ್ದ ‘ನಿಲ್ಲಿಸತಕ್ಕವು’ ಎಂಬುದನ್ನು ಹೊಡೆದು ‘ನೋಡಿಕೊಳ್ಳತಕ್ಕವು’ ಎಂದು ಬರೆದರು. ನೋಡಿಕೊಳ್ಳುವವರು ಯಾರು ಎಂದು ಕೇಳಿದ್ದು ನನ್ನದೇ ದಡ್ಡತನ.

“ಇನ್ಯಾರ್‍ರೀ, ನೀವೇ,” ಅಂದರು.

ಈಗ ಡಿಸ್ಕು ಊರಿನ ಇನ್ನೊಂದು ತುದಿಯ ನಮ್ಮ ಗೋದಾಮಿನಲ್ಲಿ ಬೀಗದ ಪೆಟ್ಟಿಗೆಯೊಳಗಿದೆ. ಶಾಹಿನಾಳ ಗುತ್ತಿಗೆ ಮುಂದುವರಿದಿದೆ. ಅವಳ ಫೈಲಿನ ಒಂದು ಪ್ರತಿ ಶನಿವಾರ ಶನಿವಾರ ನನಗೆ ಬರುತ್ತದೆ, ಸಿಸ್ಟಮ್ಮಿನಲ್ಲಿ ‘ಉಂಡೆ ಅಲುಗುತ್ತದೆಯೇ?’ ಎಂಬ ಹೊಸ ಕಾಲಮ್ಮಿದೆ. ನಿಯಮವೂ ಚಿಕ್ಕದಾಗಿದೆ. ಏನು ಬೇಕಾದರೂ ಮಾಡಿಕೊಳ್ಳಿ, ಆದರೆ ನಮಗೆ ಹೇಳಿ, ಒಬ್ಬರ ಫೋನಿನಲ್ಲೇ ಇಡಬೇಡಿ. ಶಾಖೆಯ ಇನ್ನೊಬ್ಬರು ಅವಳಿಂದ ಸದ್ದು ಗುರುತಿಸುವುದು ಕಲಿತಿದ್ದಾರೆ. ನಾನೂ ಪ್ರಯತ್ನಪಟ್ಟೆ. ನನಗೆ ಎಲ್ಲವೂ ಗುಳುಗುಳು ಎಂದೇ ಕೇಳುತ್ತದೆ.

ಕಳೆದ ವಾರ ದಂಡಿನಶಿವರಕ್ಕೆ ಹೋಗಿದ್ದಾಗ, ನಾನು ಕೇಳುವ ಮೊದಲೇ ಶಾಹಿನಾ ಫೋನು ತೆಗೆದು ಇನ್ನೊಂದು ಹೊಸ ಫೈಲು ತೋರಿಸಿದಳು. ಇದೇನಮ್ಮ ಅಂದೆ.

“ಸುಮ್ನೆ ಸಾರ್.”

ಫಾರಮ್ಮಿಗೆಂದು ಚೀಲಕ್ಕೆ ಹೋದ ಕೈಯನ್ನು ಹಿಂದಕ್ಕೆ ತೆಗೆದೆ. ಇನ್ನೊಂದು ಕಾಪಿ ಎಲ್ಲಾದರೂ ಇದೆಯಾ ಎಂದು ಕೇಳಿದೆ. ಐತೆ ಅಂದಳು. ನಾನೂ ಸುಮ್ಮನಾದೆ.